ಯಾರಿಗೆ ಶುದ್ಧ?

'ಶುದ್ಧ ನೀರು' ಎಂಬ ಮಾತನ್ನು ನಾವು ಬಹಳ ಸಲೀಸಾಗಿ ಆಡುತ್ತೇವೆ. ಸರಕಾರದ ಪ್ರಕಟಣೆಗಳಲ್ಲಿ ಅದು ಇದೆ. ಇಪ್ಪತ್ತು ಲೀಟರಿನ ಕ್ಯಾನುಗಳ ಮೇಲೆ ಅಚ್ಚಾಗಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರ ಬಾಯಲ್ಲೂ ಇದೆ. ಆದರೆ ಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿದ ಯಾರಿಗಾದರೂ ಹೊಳೆಯಬೇಕಾದ ಸಂಗತಿಯೊಂದಿದೆ. 'ಶುದ್ಧ' ಎಂಬ ಪದ ಒಂಟಿಯಾಗಿ ನಿಂತರೆ ಅರ್ಥ ಪೂರ್ತಿಯಾಗುವುದಿಲ್ಲ. ಅದು ಚತುರ್ಥೀ ವಿಭಕ್ತಿಯ ಇನ್ನೊಂದು ಪದವನ್ನು ಜೊತೆಗೆ ಬೇಡುತ್ತದೆ. ಯಾರಿಗೆ ಶುದ್ಧ? ಯಾವುದಕ್ಕೆ ಶುದ್ಧ? ಆ 'ಗೆ' ಮತ್ತು 'ಕ್ಕೆ'ಗಳನ್ನು ನಾವು ನುಂಗಿಬಿಟ್ಟಿದ್ದೇವೆ. ಹೇಳದೆ ಬಿಟ್ಟ ಆ ಜಾಗದಲ್ಲಿ 'ನಮಗೆ' ಎಂಬ ಪದ ತಾನಾಗಿ ಬಂದು ಕೂತಿರುತ್ತದೆ.

ಈ ಜಿಜ್ಞಾಸೆ ನನ್ನ ತಲೆಗೆ ಹತ್ತಿದ್ದು ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ, ಸೀಗಡಿಯಿಂದ. ಓದುಗರು ನಗಬಾರದು. ನಮ್ಮ ಹೊಸೂರಿನಂಥ ಊರುಗಳಲ್ಲಿ ಈಗ ಕೆಲವು ಹುಡುಗರು ಬಣ್ಣದ ಮೀನಿನ ಬದಲು ಸಿಹಿನೀರಿನ ಪುಟ್ಟ ಸೀಗಡಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆ. 'ನಿಯೋಕ್ಯಾರಿಡಿನಾ' ಎಂಬ ಕುಲದ ಇವುಗಳ ಮೂಲ ಪೂರ್ವ ಚೀನ ಮತ್ತು ತೈವಾನಿನ ಕಡೆಯ ತೊರೆಗಳು. ಅಲ್ಲಿ ಇವುಗಳ ಮೈ ಮಾಸಲು ಕಂದು. ಮನುಷ್ಯ ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋಗಿ ಚೆರಿ ಹಣ್ಣಿನಂಥ ಕೆಂಪು ತಂದಿದ್ದಾನೆ. ಎರಡು ಮೂರು ಸೆಂಟಿಮೀಟರ್ ಉದ್ದ, ಒಂದೆರಡು ವರ್ಷದ ಆಯುಸ್ಸು. ಎಲೆಯ ಮೇಲಿನ ಪಾಚಿಯನ್ನು ದಿನವಿಡೀ ಕೆರೆದು ತಿನ್ನುತ್ತ, ಯಾರ ತಂಟೆಗೂ ಹೋಗದೆ ಬದುಕುವ ಜೀವ. ಹೆಣ್ಣು ತನ್ನ ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲಿ ಹೊತ್ತುಕೊಂಡು, ಪುಟ್ಟ ಕಾಲುಗಳಿಂದ ಬೀಸಿ ಬೀಸಿ ಅವಕ್ಕೆ ಹೊಸ ನೀರು ತಾಗುವಂತೆ ನೋಡಿಕೊಳ್ಳುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ನನ್ನ ಮಗನ ಮೇಜಿನ ಮೇಲೂ ಅಂಥದೊಂದು ತೊಟ್ಟಿಯಿದೆ. ಅದಕ್ಕೆ ನೀರು ಬದಲಿಸುವ ದಿನ ಅವನು ಒಂದು ವ್ರತವನ್ನೇ ಆಚರಿಸುತ್ತಾನೆ. ನಲ್ಲಿಯ ಮೊದಲ ನೀರು ಬೇಡ, ಗೀಸರಿನ ನೀರು ಬೇಡ, ಅಜ್ಜಿಯ ತಾಮ್ರದ ಬಿಂದಿಗೆಯ ನೀರಂತೂ ಬೇಡವೇ ಬೇಡ. ಇದನ್ನೆಲ್ಲ ನೋಡಿದ ನನ್ನ ತಾಯಿ ಒಮ್ಮೆ ಕೇಳಿದರು: "ನಾವು ಕುಡಿಯೋ ನೀರು ಆ ಹುಳಕ್ಕೆ ಸಾಲ್ದಂತಾ?" ಮಗ ತಲೆಯೆತ್ತದೆ ಹೇಳಿದ: "ಸಾಲಲ್ಲ ಅಂತಲ್ಲ ಅಜ್ಜಿ. ಅದು ತಡ್ಕೊಳಲ್ಲ."

ಆ ಎರಡು ಮಾತುಗಳ ನಡುವೆ ಒಂದು ದೊಡ್ಡ ನೈತಿಕ ಪ್ರಶ್ನೆಯೇ ಇದೆ ಎಂದು ನನಗೆ ತೋರುತ್ತದೆ. ಅದಕ್ಕೆ ಮುಂಚೆ, ತಡೆದುಕೊಳ್ಳದಿರುವುದು ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ.

ಸೃಷ್ಟಿಯ ಒಂದು ಸೋಜಿಗವೆಂದರೆ, ತಾಮ್ರವಿಲ್ಲದೆ ಸೀಗಡಿ ಬದುಕಲಾರದು. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ಕಬ್ಬಿಣ ಸೇರಿದ ಹಿಮೋಗ್ಲೋಬಿನ್. ಅದರಿಂದಲೇ ನಮ್ಮ ರಕ್ತ ಕೆಂಪು. ಸೀಗಡಿ, ಏಡಿಗಳ ರಕ್ತದಲ್ಲಿ ಆ ಕೆಲಸ ಮಾಡುವುದು ತಾಮ್ರ ಸೇರಿದ ಹಿಮೋಸಯನಿನ್. ಪ್ರಾಣವಾಯು ತುಂಬಿದಾಗ ಅದು ನೀಲಿ. ಹೀಗೆ ಉಸಿರಿನ ಮೂಲದಲ್ಲೇ ಇರುವ ಲೋಹ ನೀರಿನಲ್ಲಿ ಕರಗಿ ಬಂದಾಗ ಅದೇ ಜೀವಕ್ಕೆ ವಿಷ. ಸಿಹಿನೀರಿನ ಸೀಗಡಿ ತನ್ನ ಮೈಯೊಳಗಿನ ಉಪ್ಪಿನಂಶವನ್ನು ಕಾಪಾಡಿಕೊಳ್ಳಲು ಕಿವಿರುಗಳ ಮೂಲಕ ನೀರಿನಿಂದ ಸೋಡಿಯಂ ಅನ್ನು ಸದಾ ಸೆಳೆದುಕೊಳ್ಳುತ್ತಿರಬೇಕು. ನೀರಿನಲ್ಲಿ ಕರಗಿದ ತಾಮ್ರದ ಅಯಾನುಗಳು ಆ ಬಾಗಿಲುಗಳಲ್ಲೇ ಅಡ್ಡ ಕೂರುತ್ತವೆ. ಒಳಗಿನ ಉಪ್ಪು ಸೋರಿಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಮನುಷ್ಯನ ಸ್ಥಿತಿ ಬೇರೆ. ಹೊಟ್ಟೆಗೆ ಹೋದ ತಾಮ್ರವನ್ನು ನಮ್ಮ ಪಿತ್ತಜನಕಾಂಗ ಅಳೆದು, ಹೆಚ್ಚಾದದ್ದನ್ನು ಪಿತ್ತದ ಜೊತೆ ಹೊರಗೆ ಕಳಿಸುತ್ತದೆ. ನಾವು ನೀರನ್ನು ಕುಡಿಯುತ್ತೇವೆ, ಕುಡಿದು ಲೋಟ ಕೆಳಗಿಡುತ್ತೇವೆ. ಸೀಗಡಿ ನೀರಿನಲ್ಲೇ ಉಸಿರಾಡುತ್ತದೆ. ಅದಕ್ಕೆ ಕೆಳಗಿಡಲು ಲೋಟವೇ ಇಲ್ಲ.

ಇನ್ನು ಅಂಕೆಗಳು. ನಮ್ಮ ದೇಶದ ಕುಡಿಯುವ ನೀರಿನ ಮಾನಕ, ಅಂದರೆ 2012ರ ಐಎಸ್ 10500, ಒಂದು ಲೀಟರ್ ನೀರಿನಲ್ಲಿ 0.05 ಮಿಲಿಗ್ರಾಂ ತಾಮ್ರವನ್ನು ಒಪ್ಪುತ್ತದೆ. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೂ ಇರಲಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ 2 ಮಿಲಿಗ್ರಾಂ. ಇವು ತಪ್ಪು ಅಂಕೆಗಳಲ್ಲ. ಮನುಷ್ಯನ ಮೈಯನ್ನು ಮುಂದಿಟ್ಟುಕೊಂಡು ಹಾಕಿದ ಲೆಕ್ಕ. ಆದರೆ ಸೀಗಡಿಯ ದೂರದ ಬಂಧುವಾದ ನೀರುಚಿಗಟದ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮೆದು ನೀರಿನಲ್ಲಿ ಲೀಟರಿಗೆ ಕೆಲವೇ ಹತ್ತು ಮೈಕ್ರೋಗ್ರಾಂ ತಾಮ್ರ ಎರಡು ದಿನಗಳೊಳಗೆ ಅರ್ಧದಷ್ಟು ಜೀವಗಳನ್ನು ಕೊಂದದ್ದುಂಟು. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಕಾನೂನಿನ ಪ್ರಕಾರ ಕುಡಿಯಲು ಯೋಗ್ಯವಾದ ಒಂದು ಲೋಟ ನೀರು ಇನ್ನೊಂದು ಜೀವಕ್ಕೆ ಹಲವು ಪಟ್ಟು ಮಾರಕವಾಗಿರಬಹುದು ಎಂದಾಯಿತು. ನೀರು ಅದೇ. ಬದಲಾದದ್ದು ಆ ವಿಭಕ್ತಿ ಪ್ರತ್ಯಯದ ಹಿಂದಿನ ಪದ ಮಾತ್ರ.

ನಲ್ಲಿಯ ನೀರಿಗೆ ಲೋಹ ಎಲ್ಲಿಂದ ಬರುತ್ತದೆ? ಬಹಳ ಸಲ ನಮ್ಮ ಮನೆಯೊಳಗಿನಿಂದಲೇ. ಹಿತ್ತಾಳೆಯ ನಲ್ಲಿಯಲ್ಲಿ ತಾಮ್ರ, ಸತು ಇರುತ್ತವೆ, ಸ್ವಲ್ಪ ಸೀಸವೂ ಇರಬಹುದು. ಹಳೆಯ ಜಿ.ಐ. ಪೈಪುಗಳಿಗೆ ಸತುವಿನ ಲೇಪವಿದೆ. ಹಲವು ಗೀಸರುಗಳ ಒಳಗೆ ತಾಮ್ರದ ಭಾಗಗಳಿವೆ. ಹರಿಯುವ ನೀರು ಇವುಗಳಿಂದ ಹೆಚ್ಚೇನೂ ಹೊತ್ತು ತರುವುದಿಲ್ಲ. ರಾತ್ರಿಯಿಡೀ ಅಲ್ಲೇ ನಿಂತ ನೀರು, ಅದರಲ್ಲೂ ಮೆದುವಾದ ಅಥವಾ ಹುಳಿ ಗುಣದ ನೀರು, ಲೋಹವನ್ನು ಕರಗಿಸಿಕೊಳ್ಳುತ್ತದೆ. ಬಿಸಿ ನೀರು ಇನ್ನೂ ಹೆಚ್ಚು ಕರಗಿಸಿಕೊಳ್ಳುತ್ತದೆ. ಇದು ನಮ್ಮ ಅಜ್ಜಿಯರಿಗೆ ಹೊಸ ವಿಷಯವೇನಲ್ಲ. ತಾಮ್ರದ ಚೊಂಬಿನಲ್ಲಿ ನೀರಿಡುತ್ತಿದ್ದ ಅದೇ ಕೈ ಅದರಲ್ಲಿ ಮಜ್ಜಿಗೆ ಇಡುತ್ತಿರಲಿಲ್ಲ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬೇರುತ್ತದೆ ಎಂದು ಗದರುತ್ತಿದ್ದವರೂ ಅವರೇ. ಲೋಹವೊಂದು ಯಾವುದಕ್ಕೆ ಹಿತ, ಯಾವುದಕ್ಕೆ ಅಹಿತ ಎಂಬ ವಿವೇಕ ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಗಾಜಿನ ತೊಟ್ಟಿಯವರೆಗೆ ಚಾಚುವುದಷ್ಟೇ ಬಾಕಿ. ಹೀಗೆ ಹೇಳಿದ ಮೇಲೆ ನನ್ನ ತಾಯಿಯೂ ತಮ್ಮ ಬಿಂದಿಗೆಗೆ ಅವಮಾನವಾಯಿತೆಂದು ತಿಳಿಯುವುದನ್ನು ಬಿಟ್ಟರು.

ಸಾಕುವವರು ಮಾಡಬೇಕಾದದ್ದು ಕಷ್ಟದ್ದೇನೂ ಅಲ್ಲ, ತಾಳ್ಮೆಯದ್ದು. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಬರುವ ಮೊದಲ ನೀರನ್ನು ನೆಲ ಒರೆಸಲೋ ಅಂಗಳ ತೊಳೆಯಲೋ ಬಳಸಿ, ಆಮೇಲೆ ಬರುವ ತಣ್ಣೀರನ್ನು ಪ್ಲಾಸ್ಟಿಕ್ ಅಥವಾ ಸ್ಟೀಲ್ ಬಕೆಟಿನಲ್ಲಿ ಹಿಡಿಯಬೇಕು. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಲೋಹ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಲೋಹದ ಪಾಲು ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಕ್ಲೋರಿನ್ನಿಗೆ ಮದ್ದು, ಲೋಹಕ್ಕಲ್ಲ. ಲೋಹವನ್ನು ಹಿಡಿದಿಡಲು ಇ.ಡಿ.ಟಿ.ಎ. ಬಗೆಯ ರಾಸಾಯನಿಕವಿರುವ ದ್ರಾವಣ ಬೇಕು. ಸಕ್ರಿಯ ಇದ್ದಿಲಿನ ಸೋಸುಕವೂ ಸ್ವಲ್ಪ ಹಿಡಿಯುತ್ತದೆ. ಆರ್.ಓ. ಯಂತ್ರದ ನೀರಿನಲ್ಲಿ ಲೋಹ ಬಹುಮಟ್ಟಿಗೆ ಇರುವುದಿಲ್ಲ. ಆದರೆ ಅದರಲ್ಲಿ ಸುಣ್ಣವೂ ಇರುವುದಿಲ್ಲ, ಮೆಗ್ನೀಸಿಯಮ್ಮೂ ಇರುವುದಿಲ್ಲ. ಹಳೆಯ ಚಿಪ್ಪು ಕಳಚಿ ಹೊಸದನ್ನು ಕಟ್ಟಿಕೊಳ್ಳುವ ಸೀಗಡಿಗೆ ಅವು ಬೇಕೇ ಬೇಕು. ಆದ್ದರಿಂದ ಆ ನೀರಿಗೆ ಖನಿಜಗಳನ್ನು ಮತ್ತೆ ಸೇರಿಸಬೇಕು. ನಾವೆಲ್ಲ ಬಯ್ಯುವ ಬೋರ್‌ವೆಲ್ಲಿನ ಗಡಸು ನೀರು ಈ ಒಂದು ವಿಷಯದಲ್ಲಿ ಸೀಗಡಿಯ ಪಕ್ಷಪಾತಿ. ಅದರಲ್ಲಿರುವ ಸುಣ್ಣದಂಶ ಕಿವಿರಿನ ಬಾಗಿಲಲ್ಲಿ ತಾಮ್ರದೊಡನೆ ಪೈಪೋಟಿಗೆ ನಿಂತು ವಿಷದ ಕಾವನ್ನು ತಗ್ಗಿಸುತ್ತದೆ. ಕೊನೆಯದಾಗಿ, ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಕೆಲವು ಔಷಧಿಗಳಲ್ಲಿ ತಾಮ್ರವೇ ಮುಖ್ಯ. ಮೀನನ್ನು ಬದುಕಿಸಿದ ಹನಿ ಅದೇ ತೊಟ್ಟಿಯ ಸೀಗಡಿಯನ್ನು ಕೊಲ್ಲುತ್ತದೆ. ಚೀಟಿ ಓದದೆ ಹಾಕಬಾರದು.

ಇಷ್ಟೆಲ್ಲ ಏಕೆ ಮಾಡಬೇಕು ಎಂಬುದು ಈಗಿನ ಪ್ರಶ್ನೆ. ಹತ್ತಿಪ್ಪತ್ತು ರೂಪಾಯಿಯಿಂದ ಸಿಗುವ, ನಾಳೆ ಸತ್ತರೆ ನಾಡಿದ್ದು ಬೇರೆ ತರಬಹುದಾದ ಜೀವಕ್ಕೆ ನಾವು ಎಷ್ಟು ಋಣಿಗಳು?

ನಾನು ಬ್ಯಾಂಕಿನಲ್ಲಿ ಗುಮಾಸ್ತ. ಚಿನ್ನದ ಸಾಲದ ವಿಭಾಗದಲ್ಲಿ ಕೂತವರಿಗೆಲ್ಲ ಗೊತ್ತಿರುವ ಒಂದು ನಿಯಮವಿದೆ. ಅಡವಿಗೆ ಬಂದದ್ದು ಎರಡು ಗ್ರಾಮಿನ ಓಲೆಯಾಗಲಿ, ಇಪ್ಪತ್ತು ಸವರನ್ನಿನ ಸರವಾಗಲಿ, ಅದು ಒಮ್ಮೆ ನಮ್ಮ ತಿಜೋರಿಯೊಳಗೆ ಹೋದ ಮೇಲೆ ಅದರ ಪೂರ್ತಿ ಹೊಣೆ ನಮ್ಮದು. ಓಲೆ ಚಿಕ್ಕದೆಂದು ಹೊಣೆ ಚಿಕ್ಕದಾಗುವುದಿಲ್ಲ. ಏಕೆಂದರೆ ಹೊಣೆ ಹುಟ್ಟುವುದು ಬೆಲೆಯಿಂದಲ್ಲ, ವಶದಿಂದ. ಹೊರಗೆ ಇದ್ದಾಗ ಅದರ ಒಡತಿ ಅದನ್ನು ಕಾಪಾಡಿಕೊಳ್ಳುತ್ತಿದ್ದಳು. ಆ ಶಕ್ತಿಯನ್ನು ಅವಳ ಕೈಯಿಂದ ನಾವು ತೆಗೆದುಕೊಂಡಿದ್ದೇವೆ, ಆದ್ದರಿಂದ ಆ ಕೆಲಸವೂ ನಮ್ಮ ಮೇಲೆ ಬಿತ್ತು.

ತೊರೆಯ ಸೀಗಡಿ ನೀರು ಕೆಟ್ಟರೆ ಮೇಲಕ್ಕೋ ಪಕ್ಕದ ಕಾಲುವೆಗೋ ಸರಿದುಹೋಗಬಲ್ಲದು. ಎಲ್ಲ ಸಲ ತಪ್ಪಿಸಿಕೊಳ್ಳಲಾರದು ನಿಜ, ಪ್ರಯತ್ನವನ್ನಂತೂ ಮಾಡಬಲ್ಲದು. ಗಾಜಿನೊಳಗಿನ ಸೀಗಡಿಗೆ ಆ ಪ್ರಯತ್ನವೂ ಇಲ್ಲ. ನಾವು ಕೊಟ್ಟ ನೀರೇ ಅದರ ಆಕಾಶ, ಅದರ ಗಾಳಿ, ಅದರ ನೆಲ. ಹೊರಟುಹೋಗುವ ದಾರಿಯನ್ನು ಮುಚ್ಚಿದವನು ಒಳಗಿನ ನೀರಿನ ಅಳತೆಯನ್ನು ತನ್ನ ಮೈಯಿಂದ ತೆಗೆಯಬಾರದು, ಒಳಗಿರುವುದರ ಮೈಯಿಂದ ತೆಗೆಯಬೇಕು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇದೊಂದನ್ನೇ. ಇದಕ್ಕೆ ಎದುರಾಗಿ ಬರುವ ಎರಡು ಆಕ್ಷೇಪಗಳನ್ನು ಮಾತ್ರ ಪ್ರಾಮಾಣಿಕವಾಗಿ ಎದುರಿಸಬೇಕು.

ಮೊದಲನೆಯದು ಮೀನು ಮಾರುಕಟ್ಟೆಯಿಂದ ಬರುತ್ತದೆ. ಕನ್ನಡದಲ್ಲಿ ಸೀಗಡಿ, ತುಳುವಿನಲ್ಲಿ ಎಟ್ಟಿ, ಮಲಯಾಳದಲ್ಲಿ ಚೆಮ್ಮೀನ್, ನಮ್ಮೂರ ತಮಿಳಿನಲ್ಲಿ ಇರಾಲ್. ಈ ನಾಲ್ಕು ಹೆಸರುಗಳೂ ನಮಗೆ ಪರಿಚಯವಾದದ್ದು ತಕ್ಕಡಿಯ ಪಕ್ಕದಲ್ಲಿ. ಕಿಲೋಗಟ್ಟಲೆ ಕೊಂಡು ಹುರಿದು ತಿನ್ನುವ ಸಮಾಜ ಇಪ್ಪತ್ತು ಸೀಗಡಿಗೆ ನೀರು ಸೋಸುತ್ತ ಕೂರುವುದು ಬೂಟಾಟಿಕೆಯಲ್ಲವೇ? ಅಲ್ಲವೆಂದು ನನ್ನ ಉತ್ತರ. ಕುರಿ ಸಾಕುವ ರೈತ ಅದನ್ನು ಒಂದು ದಿನ ಮಾರುತ್ತಾನೆ, ಮಾರಿದ ಕುರಿ ಎಲ್ಲಿಗೆ ಹೋಗುತ್ತದೆಂದೂ ಅವನಿಗೆ ಗೊತ್ತು. ಆದರೂ ಹಟ್ಟಿಯಲ್ಲಿರುವಷ್ಟು ದಿನ ಅದನ್ನು ಬಾಯಾರಿಸಿದರೆ ಊರು ಅವನಿಗೆ ಛೀಮಾರಿ ಹಾಕುತ್ತದೆ. ಕೊಲ್ಲುವುದರ ಸರಿತಪ್ಪು ಬೇರೆಯೇ ಚರ್ಚೆ. ಅದು ಹೇಗೇ ತೀರ್ಮಾನವಾದರೂ, ವಶದಲ್ಲಿರುವುದನ್ನು ಕಡೆಗಣಿಸಲು ಅದರಿಂದ ಅಪ್ಪಣೆ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಭಾರವಾದದ್ದು, ಮತ್ತು ನಮ್ಮ ಜಿಲ್ಲೆಯಲ್ಲಿ ನಿಂತು ಅದನ್ನು ಹಗುರವಾಗಿ ಆಡುವಂತಿಲ್ಲ. ಮನುಷ್ಯರಿಗೇ ಒಳ್ಳೆಯ ನೀರಿಲ್ಲದ ಕಡೆ ಸೀಗಡಿಯ ನೀರಿನ ಮಾತೇನು? ಕೃಷ್ಣಗಿರಿ 2004ರವರೆಗೆ ಧರ್ಮಪುರಿ ಜಿಲ್ಲೆಯ ಭಾಗವಾಗಿತ್ತು. ಈ ಎರಡೂ ಜಿಲ್ಲೆಗಳ ಬಂಡೆನೆಲದ ಆಳದಿಂದ ಬರುವ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚು. ಅದು ಲೋಹವಲ್ಲ, ಆದರೆ ಲೋಹದಂತೆಯೇ ಕಣ್ಣಿಗೆ ಕಾಣದು, ನಾಲಗೆಗೆ ಸಿಗದು. ಲೀಟರಿಗೆ 1 ಮಿಲಿಗ್ರಾಂ ಒಪ್ಪಿಗೆ, ಬೇರೆ ದಾರಿಯಿಲ್ಲದಿದ್ದರೆ 1.5. ಅದನ್ನು ಮೀರಿದ ನೀರನ್ನು ಬೆಳೆಯುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದವರ ಬೆನ್ನು, ಮಂಡಿಗಳು ಬಿಗಿದುಕೊಳ್ಳುತ್ತವೆ. ಇದಕ್ಕೆ ಪರಿಹಾರವಾಗಿ ಕಾವೇರಿಯ ನೀರನ್ನು ಹೊಗೇನಕಲ್ಲಿನಿಂದ ತರುವ ಯೋಜನೆಗೆ 2008ರಲ್ಲಿ ಅಡಿಗಲ್ಲು ಬಿತ್ತು. ಜಪಾನಿನ ಸಾಲದ ನೆರವಿನಿಂದ, 1,900 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ನಡೆದ ಆ ಕೆಲಸ 2013ರಲ್ಲಿ ಉದ್ಘಾಟನೆಯಾಯಿತು.

2008ರಲ್ಲಿ ಆ ಯೋಜನೆಯ ಬಗ್ಗೆ ಎರಡು ರಾಜ್ಯಗಳ ನಡುವೆ ಎದ್ದ ಗದ್ದಲವನ್ನು ಗಡಿಯ ಕನ್ನಡಿಗರು ಮರೆತಿಲ್ಲ. ಭಾಷೆಯ ಅಭಿಮಾನ ನಮ್ಮನ್ನು ಒಂದು ಕಡೆ ಎಳೆಯುತ್ತಿತ್ತು, ಮಕ್ಕಳ ಹಲ್ಲು ಇನ್ನೊಂದು ಕಡೆ. ನದಿ ನೀರಿನ ಹಂಚಿಕೆಯ ನ್ಯಾಯ ಏನೇ ಇರಲಿ, ಅದನ್ನು ನ್ಯಾಯಮಂಡಳಿಗಳು ನೋಡಿಕೊಳ್ಳಲಿ. ಆದರೆ ದೂರದ ಪಟ್ಟಣಗಳಲ್ಲಿ ಕೂಗಿದ ಘೋಷಣೆಗಳಲ್ಲಿ 'ನಮ್ಮ ನೀರು' ಎಂಬ ಮಾತು ಕೇಳಿಸಿದಷ್ಟು 'ಯಾರ ಬಾಯಿಗೆ' ಎಂಬ ಮಾತು ಕೇಳಿಸಲಿಲ್ಲ. ಬೋರ್‌ವೆಲ್ ಬಿಟ್ಟರೆ ಬೇರೆ ಗತಿಯಿಲ್ಲದ ಹಳ್ಳಿಯ ಮಗು ಕನ್ನಡ ಮಾತಾಡಲಿ, ತೆಲುಗು ಮಾತಾಡಲಿ, ತಮಿಳು ಮಾತಾಡಲಿ, ಅಲ್ಲಿ ಅಳತೆ ಅದರ ಮೈಯಿಂದಲೇ ಶುರುವಾಗಬೇಕಿತ್ತು.

ಹಾಗಾದರೆ ಸೀಗಡಿಯ ನೀರು ಸೋಸುವವನು ಆ ಮಗುವಿಗೆ ಅನ್ಯಾಯ ಮಾಡಿದನೇ? ಎರಡು ಋಣಗಳನ್ನು ಒಂದೇ ಖಾತೆಯಲ್ಲಿ ಬರೆಯಬಾರದು ಎಂಬುದಷ್ಟೇ ನನಗೆ ತೋರುವ ಉತ್ತರ. ತೊಟ್ಟಿಯನ್ನು ತಂದದ್ದು ನಾನು, ಅದರ ಹೊಣೆ ನನ್ನೊಬ್ಬನದು. ಹಳ್ಳಿಯ ನೀರಿನ ಹೊಣೆ ತೆರಿಗೆ ಕೊಡುವ, ಓಟು ಹಾಕುವ ನಮ್ಮೆಲ್ಲರದು. ಮೊದಲನೆಯದನ್ನು ತೀರಿಸಿದ್ದರಿಂದ ಎರಡನೆಯದು ತೀರುವುದಿಲ್ಲ. ಸೀಗಡಿಗೆ ದಯೆ ತೋರಿ 'ನಾನು ಒಳ್ಳೆಯವನು' ಎಂದು ಬೀಗುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಹಾಗೆಯೇ ಎರಡನೆಯದು ಬಾಕಿಯಿದೆ ಎಂಬ ನೆಪದಿಂದ ಮೊದಲನೆಯದನ್ನು ಬಿಡುವವನೂ ಎರಡನ್ನೂ ತೀರಿಸುವುದಿಲ್ಲ. ಅದನ್ನು ನಾನು ಬಹಳ ನೋಡಿದ್ದೇನೆ. ಇಷ್ಟನ್ನು ಮಾತ್ರ ಹೇಳಬಹುದು: ಚಿಕ್ಕ ಮೈಯೊಂದರ ಮುಂದೆ ಕೂತು 'ಇದು ಇದಕ್ಕೆ ತಡೆಯುತ್ತದೆಯೇ' ಎಂದು ಕೇಳುವ ಅಭ್ಯಾಸ ಆದವರಿಗೆ, ಬೇರೆ ಕಡೆಯೂ ಆ ಪ್ರಶ್ನೆ ಬೇಗ ನೆನಪಾಗುತ್ತದೆ.

ಆ ಪ್ರಶ್ನೆಯನ್ನು ಯಾರ ಪರವಾಗಿ ಮೊದಲು ಕೇಳುತ್ತೇವೆ ಎಂಬುದು ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಫ್ಲಿಂಟ್ ನಗರದ ಕಥೆ ನಮ್ಮಂಥ ಮೋಟಾರು ಕಾರ್ಖಾನೆಗಳ ಊರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. 2014ರ ಏಪ್ರಿಲಿನಲ್ಲಿ ಹಣ ಉಳಿಸಲೆಂದು ಆ ನಗರ ತನ್ನ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿತು. ಪೈಪುಗಳನ್ನು ಕೊರೆಯದಂತೆ ನೀರಿಗೆ ಮಾಡಬೇಕಾದ ಸಂಸ್ಕಾರ ಮಾಡಲಿಲ್ಲ. ಹಳೆಯ ಪೈಪುಗಳಿಂದ ಸೀಸ ಕರಗಿ ನಲ್ಲಿಗಳಿಗೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ, ಈ ನೀರಿನಿಂದ ಇಂಜಿನ್ ಭಾಗಗಳಿಗೆ ತುಕ್ಕು ಹಿಡಿಯುತ್ತದೆಂದು ಬೇರೆ ನೀರಿಗೆ ಬದಲಿಸಿಕೊಂಡಿತು. ಊರಿನ ಜನ ಹಳೆಯ ಮೂಲದ ನೀರನ್ನು ಮತ್ತೆ ಕಂಡದ್ದು 2015ರ ಅಕ್ಟೋಬರಿನಲ್ಲಿ, ಅದೂ ಪುಟ್ಟ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನು ಮಕ್ಕಳ ವೈದ್ಯರೊಬ್ಬರು ಅಂಕೆ ಸಮೇತ ತೋರಿಸಿದ ಮೇಲೆ. ಕಬ್ಬಿಣಕ್ಕೆ ಆಗದ ನೀರು ಮತ್ತೂ ಒಂದು ವರ್ಷ ಕೂಸುಗಳಿಗೆ ಆಯಿತು. ಕಾರ್ಖಾನೆ ಬೇರೆ ನೀರನ್ನು ಕೊಳ್ಳಬಲ್ಲದಾಗಿತ್ತು, ಕೂಸು ಕೊಳ್ಳಲಾರದಾಗಿತ್ತು.

ಈ ವಾರ್ಷಿಕವನ್ನು ಓದುವ ಕಾಸರಗೋಡು, ಮಂಜೇಶ್ವರದ ಮನೆಗಳಿಗೆ ತಾಮ್ರ ಇನ್ನೊಂದು ರೂಪದಲ್ಲಿ ಗೊತ್ತು: ಮೈಲುತುತ್ತು. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಯದಿದ್ದರೆ ಕೊಳೆರೋಗ ಗೊನೆಯನ್ನು ಉಳಿಸುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ದ್ರಾವಣ ಹದವಾಯಿತೇ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಅದು ಗಿಡವನ್ನೇ ಸುಡುತ್ತದೆ. ಅಡಿಕೆಯ ಮೈ ಎಷ್ಟು ತಡೆಯುತ್ತದೆ ಎಂದು ಕೇಳುವ ಎಚ್ಚರ ಕೃಷಿಕನಿಗೆ ಇದೆ. ಕೆಲಸ ಮುಗಿಸಿ ಡ್ರಮ್ಮು ತೊಳೆದ ನೀರನ್ನು ತೋಡಿಗೆ ಚೆಲ್ಲುವಾಗಲೂ ಅದೇ ಎಚ್ಚರ ಬೇಕು. ಮೇಲೆ ಹೇಳಿದ ಮೈಕ್ರೋಗ್ರಾಂಗಳ ಲೆಕ್ಕವನ್ನು ನೆನೆದರೆ, ತೋಡಿನ ಸೀಗಡಿಯ ಪಾಲಿಗೆ ಆ ಒಂದು ಡ್ರಮ್ಮಿನ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ತೊಳೆದ ನೀರನ್ನು ತೋಡಿನಿಂದಲೂ ಬಾವಿಯಿಂದಲೂ ದೂರಕ್ಕೆ ಒಯ್ಯುವ ಶ್ರಮ ಬಹಳ ದೊಡ್ಡದೇನಲ್ಲ.

ಆ ಜಿಲ್ಲೆಯವರಿಗೆ ನಾನು ಇದನ್ನು ಕಲಿಸಬೇಕಾಗಿಯೂ ಇಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಲೆಕ್ಕ ಅವರ ಮನೆಗಳಲ್ಲೇ ಇದೆ. ಮಕ್ಕಳ ಕಡೆಗೆ ಲೋಕ ತಿರುಗಿ ನೋಡುವುದಕ್ಕೆ ಎಷ್ಟೋ ವರ್ಷ ಮೊದಲೇ, 1980ರ ದಶಕದ ಆರಂಭದಲ್ಲಿ, ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಶ್ರೀ ಪಡ್ರೆಯವರು ಬರೆದಿದ್ದರು. ಕರು ಮೊದಲು ಹೇಳಿತು. ಕೇಳಿಸಿಕೊಳ್ಳುವವರಿಗೆ ಅದು ಕರುವಿನ ಸುದ್ದಿ ಮಾತ್ರವಾಗಿತ್ತು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಸಣ್ಣ ಮೈಗಳನ್ನು ನೋಡುವುದು ದಯಾಳುಗಳ ಹವ್ಯಾಸ ಎಂದು ತಳ್ಳಿಹಾಕುವವರು ಈ ವರ್ಷಗಳ ಅಂತರವನ್ನು ಒಮ್ಮೆ ಎಣಿಸಬೇಕು. ಹಾಗೆಂದು ಸೀಗಡಿಯನ್ನು ನಮ್ಮ ಕಾವಲುಗಾರನೆಂದೇ ಕಾಣುವುದೂ ನನಗೆ ಒಪ್ಪಿಗೆಯಿಲ್ಲ. ಅದು ನಮಗೆ ಎಚ್ಚರಿಕೆ ಕೊಡಲೆಂದು ಹುಟ್ಟಿದ್ದಲ್ಲ. ಅದರ ಸಾವಿನಿಂದ ನಮಗೆ ಲಾಭವಿಲ್ಲದಿದ್ದರೂ ಆ ಸಾವು ಸಾವೇ.

ತೊಟ್ಟಿಯ ನೀರು ಶುದ್ಧವಾದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಆರ್.ಓ. ಯಂತ್ರ ಒಂದು ಕೊಡ ಒಳ್ಳೆಯ ನೀರು ಕೊಡುವಾಗ ಅದಕ್ಕಿಂತ ಹೆಚ್ಚನ್ನೇ ಹೊರಗೆ ಚೆಲ್ಲುತ್ತದೆ. ತಾಮ್ರದ ಔಷಧಿ ಹಾಕಿದ ನೀರು ಮೋರಿಗೆ ಹೋದರೆ ಅಲ್ಲಿಂದ ಕೆರೆಗೆ ಹೋಗುತ್ತದೆ. ಸಾಕಿ ಬೇಸರವಾದ ಸೀಗಡಿಗಳನ್ನು ಕೆರೆಗೆ ಬಿಡುವುದು ದಯೆಯಲ್ಲ. ಹೊರನಾಡಿನ ಜೀವ ಇಲ್ಲಿನ ಜೀವಗಳ ಜಾಗವನ್ನು ಕಸಿಯಬಹುದು. ನನ್ನಿಂದ ಆಚೆಗೆ ಹರಿದ ನೀರು ಯಾರಿಗೆ ಹೋಗುತ್ತದೆ? ಈ ಪ್ರಶ್ನೆ ಕೆಳಗಿನ ಊರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ, ನಾವು ಕೆಳಗಿನ ಊರಿನವರು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ನಮ್ಮಲ್ಲಿಗೆ ಬರುವಷ್ಟರಲ್ಲಿ ತೆನ್‌ಪೆಣ್ಣೈ ಆಗುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೀರೂ ಅದಕ್ಕೇ ಸೇರುತ್ತದೆ. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನಿಂದ ಹೊರಬರುವ ನೀರಿನ ಮೇಲೆ ಬಿಳಿಯ ನೊರೆ ಆಳೆತ್ತರಕ್ಕೆ ಎದ್ದದ್ದನ್ನು ನಾವು ಹಲವು ವರ್ಷ ಕಂಡಿದ್ದೇವೆ. ತವರಿನಿಂದ ಬರುವ ಹೊಳೆ ಎಂದು ಹೆಮ್ಮೆಪಡುವ ನಮಗೆ ತವರು ಕಳಿಸಿದ ಉಡುಗೊರೆ ಅದು. ಮೇಲಿನ ಊರಿನವರು ಕೆಟ್ಟವರೆಂದು ಇದರ ಅರ್ಥವಲ್ಲ. ಅವರ ಮನೆಯ ಸ್ನಾನದ ನೀರು 'ನಮಗೆ' ಎಂಬ ಪದದೊಳಗೆ ಶುರುವಾಗಿ ಅಲ್ಲೇ ಮುಗಿಯಿತೆಂದು ಅವರು ತಿಳಿದರು, ಅಷ್ಟೇ.

ಗಡಿನಾಡಿನ ಓದುಗರು ಇಷ್ಟು ಹೊತ್ತಿಗೆ ಒಂದು ಹೋಲಿಕೆಯನ್ನು ಮನಸ್ಸಿನಲ್ಲೇ ಮಾಡಿರಬಹುದು. 1956ರಲ್ಲಿ ಭಾಷೆಯ ಹೆಸರಿನಲ್ಲಿ ಗೆರೆ ಎಳೆದಾಗ ನಾವು ಗೆರೆಯ ಆಚೆ ಉಳಿದೆವು. ದೊಡ್ಡ ಸ್ನೇಹಿತರ ಮೈಗೆ ಹೊಂದಿಸಿದ ಅಳತೆಗಳು ನಮಗೂ ಸಾಕೆಂದು ಕಚೇರಿಗಳು ತಿಳಿದವು. ಆದ್ದರಿಂದ ನಾವೂ ಗಾಜಿನೊಳಗಿನವರೇ ಎಂದು. ಈ ಹೋಲಿಕೆಯಲ್ಲಿ ನಿಜವಿಲ್ಲದಿಲ್ಲ, ಆದರೆ ನಾನು ಅದನ್ನು ಪೂರ್ತಿ ಎಳೆಯಲಾರೆ. ನಾವು ಅರ್ಜಿ ಬರೆಯಬಲ್ಲೆವು, ಓಟು ಹಾಕಬಲ್ಲೆವು, ಬೇಸರವಾದರೆ ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿಗೋ ಮಂಗಳೂರಿಗೋ ಹೋಗಿಬರಬಲ್ಲೆವು. ಇಂಥ ವಾರ್ಷಿಕವೊಂದನ್ನು ಎರಡು ಭಾಷೆಗಳಲ್ಲಿ ಅಚ್ಚು ಹಾಕಿ ನಮ್ಮ ಮಾತನ್ನು ನೆರೆಯವರ ಭಾಷೆಯ ಪಕ್ಕದಲ್ಲೇ ಇಡಬಲ್ಲೆವು. ಸೀಗಡಿಗೆ ಇದಾವುದೂ ಇಲ್ಲ. ಬೋರ್‌ವೆಲ್ಲಿನ ಬುಡದಲ್ಲಿ ಕೊಡ ಹಿಡಿದು ನಿಂತ ಮಗುವಿಗೂ ಇಲ್ಲ. ಅಳತೆಯಲ್ಲಿ ಸೇರದೆ ಹೋದವರ ಕಷ್ಟ ನಮಗೆ ಅಷ್ಟಿಷ್ಟು ಗೊತ್ತಿರುವುದರಿಂದ ನಮ್ಮ ದೂರು ಬೆಳೆಯುವುದಕ್ಕಿಂತ ನಮ್ಮ ಹೊಣೆ ಬೆಳೆಯಬೇಕು. ನಮ್ಮ ವಶದಲ್ಲಿ ಯಾರಿದ್ದಾರೆ, ನಮ್ಮ ಮೋರಿಯ ಕೆಳಗೆ ಯಾರಿದ್ದಾರೆ ಎಂದು ನಾವೇ ಮೊದಲು ಕೇಳಬೇಕು.

ಆದ್ದರಿಂದ ನನ್ನ ಸಲಹೆ ಸಣ್ಣದು. ನೀರು ಪರೀಕ್ಷೆಯ ವರದಿ ಕೈಗೆ ಬಂದಾಗ 'ಯೋಗ್ಯ' ಎಂಬ ಮೊಹರನ್ನು ನೋಡಿ ಮಡಿಚಿಡದೆ, ಪಕ್ಕದ ಅಂಕೆಗಳನ್ನೂ ಓದಿ. ಊರಿನ ಬೋರ್‌ವೆಲ್ಲಿಗೆ ಅಂಥ ವರದಿಯೇ ಇಲ್ಲದಿದ್ದರೆ ಕೇಳಿ ಮಾಡಿಸಿ. ಮನೆಯಲ್ಲಿ ತೊಟ್ಟಿ ಇಟ್ಟಿದ್ದರೆ ಅದರೊಳಗಿನ ಜೀವಕ್ಕೆ ಯಾವ ಅಂಕೆ ತಡೆಯುತ್ತದೆ ಎಂದು ತಿಳಿದುಕೊಂಡು ನೀರು ಹಾಕಿ. ಅಷ್ಟು ವ್ಯವಧಾನ ಇಲ್ಲದವರು ತೊಟ್ಟಿ ಇಡದಿರುವುದೇ ಒಳ್ಳೆಯದು, ಅದರಲ್ಲಿ ನಾಚಿಕೆಯೇನಿಲ್ಲ. ಮತ್ತು ಮಕ್ಕಳಿಗೆ 'ಶುದ್ಧ' ಎಂಬ ಪದವನ್ನು ಬರೆಯಲು ಕಲಿಸುವಾಗ ಅದರ ಮುಂದೆ ಸ್ವಲ್ಪ ಜಾಗ ಬಿಡಲು ಹೇಳಿ. ಅಲ್ಲಿ ಯಾರ ಹೆಸರನ್ನು ಬರೆಯಬೇಕೆಂದು ಅವರು ಸುತ್ತಲೂ ನೋಡಿ ತೀರ್ಮಾನಿಸಲಿ.